ಕನ್ನೆನೆಲ

‘ಸಾಕು’ ಎಂದು ಹೇಳಿ ಆಗಿತ್ತು. ಹೇಳಿದ ಮೇಲೆ ಅಂಗೈ ಕೊಡವಿಕೊಂಡದ್ದೂ, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡದ್ದೂ ಆಗಿತ್ತು. ಇಪ್ಪತ್ತೆರಡು ವರ್ಷಗಳಿಂದ ಇದೇ ಕ್ರಮ. ಕಟ್ಟಡ ಏಳುವ ಜಾಗದಲ್ಲಿ ಮೊದಲು ಒಂದು ಪರೀಕ್ಷೆಯ ಗುಂಡಿ ತೋಡುತ್ತಾರೆ. ಇಳಿಯುತ್ತ ಇಳಿಯುತ್ತ ಮನುಷ್ಯರ ಕೈ ಸೋಕಿದ ಮಣ್ಣೆಲ್ಲ ಮುಗಿದು, ಯಾರೂ ಯಾವತ್ತೂ ಒಲೆ ಹೂಡದ, ಗೋಡೆ ಎಬ್ಬಿಸದ, ಮಡಕೆ ಒಡೆಯದ ಮಣ್ಣು ಕಾಣಿಸುತ್ತದೆ. ಅದಕ್ಕೆ ಅವನ ಶಾಸ್ತ್ರದಲ್ಲಿ ಕನ್ನೆನೆಲ ಎಂದು ಹೆಸರು. ಅದು ಬಂತೆಂದು ಗುರುತಿಸಿ ‘ಸಾಕು’ ಅನ್ನುವುದು ಅವನ ಉದ್ಯೋಗ. ಕೆಲಸದವರು ಬೆನ್ನ ಹಿಂದೆ ಅವನನ್ನು ‘ಸಾಕು ಸರ್’ ಎಂದು ಕರೆಯುತ್ತಾರೆಂಬುದು ಅವನಿಗೆ ಗೊತ್ತಿತ್ತು. ಒಮ್ಮೆ ಫೋನಿನಲ್ಲಿ ತಾನೇ ‘ಹಲೋ, ನಾನು ಸಾಕು ಸರ್’ ಅನ್ನುವುದರಲ್ಲಿದ್ದು ತುಟಿ ಕಚ್ಚಿಕೊಂಡಿದ್ದ. ಪ್ರಾಕ್ತನಶಾಸ್ತ್ರದ ಎಂ.ಎ.ಯಲ್ಲಿ ಪದಕ ಪಡೆದಾಗ ಭೂಮಿಯೊಳಗಿಂದ ಏನೇನೋ ಎತ್ತಿ ಜಗತ್ತಿಗೆ ತೋರಿಸುವ ಹುಮ್ಮಸ್ಸಿತ್ತು. ಕೊನೆಗೆ ಅವನ ಪಾಲಿಗೆ ಬಂದದ್ದು ಇಲ್ಲಿ ಏನೂ ಇಲ್ಲ ಎಂದು ಪುರಾತತ್ತ್ವ ಇಲಾಖೆಗೆ ಬರೆದುಕೊಡುವ ಕೆಲಸ. ಏನಾದರೂ ಸಿಕ್ಕಿದರೆ ಗುಂಡಿಯ ಸುತ್ತ ನಿಂತವರ ಮುಖ ಗಂಟಾಗುತ್ತಿತ್ತು, ಏನೂ ಸಿಗದಿದ್ದರೆ ಟೀ ಬರುತ್ತಿತ್ತು. ಟೀಯ ಅಭ್ಯಾಸ ಮನುಷ್ಯನಿಗೆ ಬೇಗ ಆಗಿಬಿಡುತ್ತದೆ. ಮಗಳು ಮೂರನೇ ತರಗತಿಯಲ್ಲಿದ್ದಾಗ ‘ನನ್ನ ತಂದೆಯ ಉದ್ಯೋಗ’ ಎಂಬ ಪ್ರಬಂಧದಲ್ಲಿ ಬರೆದಿದ್ದಳು: ನಮ್ಮಪ್ಪ ಗುಂಡಿಯಲ್ಲಿ ಇಣುಕಿ ಏನೂ ಇಲ್ಲ ಅಂತ ಹೇಳುತ್ತಾರೆ, ಅದಕ್ಕೆ ಅವರಿಗೆ ಸಂಬಳ ಕೊಡುತ್ತಾರೆ. ಟೀಚರು ಅದರ ಪಕ್ಕದಲ್ಲಿ ಕೆಂಪು ಶಾಯಿಯಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಹೆಂಡತಿ ಆ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು, ಬಂದವರು ಓದಿ ನಗಲಿ ಎಂದು. ಮೊದಮೊದಲು ಅವನೂ ನಗುತ್ತಿದ್ದ.

ಮೇಸ್ತ್ರಿ ಬಿಸಿಲಿಗೆ ಟಾರ್ಪಾಲಿನ್ ಕಟ್ಟುವುದಕ್ಕೆಂದು ಗುಂಡಿಯ ಮೂಲೆಯಲ್ಲಿ ಹಾರೆಯಿಂದ ಒಂದು ತೂತು ಹಾಕುತ್ತಿದ್ದ. ಅಷ್ಟೇ ನಡೆದದ್ದು. ಯಾರೂ ಏನನ್ನೂ ಹುಡುಕುತ್ತಿರಲಿಲ್ಲ. ಒಂದು ಗೇಣು ಇಳಿದ ಹಾರೆಯನ್ನು ಮೇಲೆತ್ತಿದವನು ಅದರ ಮೂತಿಯನ್ನು ನೋಡಿ, ಇವನನ್ನು ನೋಡಿ, ಮತ್ತೆ ಹಾರೆಯನ್ನು ನೋಡಿ, “ಸರ್, ಇದು ಕಪ್ಪಗಾಗಿದೆ” ಅಂದ. ಹಾರೆಯ ತುದಿಗೆ ಬೂದಿ ಮೆತ್ತಿಕೊಂಡಿತ್ತು. ಒಲೆಯ ಬೂದಿ. ಬೂದಿಯ ಜೊತೆಗೆ ಕಡಲೆಕಾಳಿನಷ್ಟು ದೊಡ್ಡ ಒಂದು ಮಡಕೆಯ ಚೂರು. ಅವನು ಆ ಚೂರನ್ನು ಬೆರಳುಗಳ ನಡುವೆ ತಿರುಗಿಸಿ ನೋಡಿದ. ತಿರುಗಿಸುವಷ್ಟು ಹೊತ್ತು ಬೇರೇನೂ ಯೋಚಿಸಬೇಕಾಗಿರಲಿಲ್ಲ. ಕನ್ನೆನೆಲದ ಕೆಳಗೆ ಒಲೆ ಇರುವುದು ಸಾಧ್ಯವಿಲ್ಲ. ಇದ್ದರೆ ಮೇಲಿನದು ಕನ್ನೆನೆಲವಲ್ಲ. ಇಷ್ಟು ಸುಲಭವಾದ ತರ್ಕವನ್ನು ಮೊದಲ ವರ್ಷದ ಮಕ್ಕಳೂ ಮಾಡುತ್ತಾರೆ. ಹಾಗಾದರೆ ಅವನು ಈಗಷ್ಟೇ ಸಾಕು ಎಂದ ಈ ಹಳದಿ ಮಣ್ಣು ಹಳೆಯ ಯಾವುದೋ ಪ್ರವಾಹದಲ್ಲಿ ಹೊಳೆ ತಂದು ಹರಡಿ ಹೋದ ಮೆಕ್ಕಲು. ಅದರ ಕೆಳಗೆ, ಪ್ರವಾಹಕ್ಕೂ ಮೊದಲು, ಜನ ಬದುಕಿದ್ದರು. ಸರಿ, ತಪ್ಪು ಯಾರಿಗೂ ಆಗುತ್ತದೆ, ಇನ್ನೂ ಆಳಕ್ಕೆ ಅಗೆದರಾಯಿತು. ಆದರೆ ಅವನ ಕಣ್ಣು ತಾನಾಗಿ ಗುಂಡಿಯ ಪೂರ್ವದ ಗೋಡೆಯ ಗುಂಟ ಮೇಲಕ್ಕೆ ಹೋಯಿತು. ಅಲ್ಲಿ ಆ ಹಳದಿ ಪಟ್ಟಿ ಒಂದಿಷ್ಟೂ ಡೊಂಕಾಗದೆ ಪಕ್ಕದ ನಿವೇಶನದ ಕಡೆಗೆ ಸಾಗಿತ್ತು. ಪಕ್ಕದ ನಿವೇಶನದಲ್ಲಿ ನಾಲ್ಕು ಅಂತಸ್ತಿನ ಕಣ್ಣಿನ ಆಸ್ಪತ್ರೆ ನಿಂತಿತ್ತು. ಎಂಟು ವರ್ಷದ ಹಿಂದೆ ಅಲ್ಲಿಯ ಗುಂಡಿಯಲ್ಲಿ ಇದೇ ಹಳದಿ ಮಣ್ಣನ್ನು ನೋಡಿ ಸಾಕು ಎಂದವನು ಅವನೇ. ಬೇರೆ ಯಾವ ಕಟ್ಟಡವಾಗಿದ್ದರೂ ಇಷ್ಟು ಇರಿಸುಮುರಿಸಾಗುತ್ತಿರಲಿಲ್ಲ. ಸರಿಯಾಗಿ ಕಾಣದವರು ದಿನಕ್ಕೆ ಮುನ್ನೂರು ಜನ ಬಂದು ಹೋಗುವ ಜಾಗ ಅದು.

ಅವತ್ತು ಬೆಳಕು ಹೀಗೇ ಇತ್ತು. ಗುಂಡಿಯೊಳಗೆ ಅವನು, ಮೇಸ್ತ್ರಿ, ತರಬೇತಿಗೆಂದು ಬಂದಿದ್ದ ಕೊನೆಯ ವರ್ಷದ ವಿದ್ಯಾರ್ಥಿನಿ. ಮೇಲೆ ಅಂಚಿನಲ್ಲಿ ಕಟ್ಟಡದ ಕಡೆಯ ಐದು ಜನ. ಸಾಕು ಅಂದಿದ್ದ. ಹುಡುಗಿ ಗೋಡೆಯ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದವಳು ಎದ್ದೇಳಲಿಲ್ಲ. ಹಳದಿ ಮಣ್ಣನ್ನು ಒಂದು ಚಿಟಿಕೆ ತೆಗೆದು ನಾಲಗೆಯ ಮೇಲಿಟ್ಟುಕೊಂಡು ಮುಂದಿನ ಹಲ್ಲುಗಳ ನಡುವೆ ಮೆಲ್ಲಗೆ ಕಡಿದಳು. ಅದು ಹಳೆಯ ಪದ್ಧತಿ. ಜೇಡಿಯಾದರೆ ಹಲ್ಲಿಗೆ ಬೆಣ್ಣೆಯ ಹಾಗೆ ಜಾರುತ್ತದೆ, ಮೆಕ್ಕಲಾದರೆ ಸಣ್ಣಗೆ ಕಿರ್ ಎನ್ನುತ್ತದೆ. ವಿಶ್ವವಿದ್ಯಾಲಯದ ವಿಭಾಗಕ್ಕೆ ಆಗಾಗ ಪಾಠ ಮಾಡಲು ಹೋಗುತ್ತಿದ್ದಾಗ ಅದನ್ನು ತರಗತಿಯಲ್ಲಿ ಹೇಳಿಕೊಟ್ಟವನೂ ಅವನೇ, ಆದರೆ ಹೇಳಿಕೊಡುವುದು ಬೇರೆ, ಹತ್ತು ಜನರೆದುರು ಬಾಯಿಗೆ ಹಾಕಿಕೊಳ್ಳುವುದು ಬೇರೆ. “ಸರ್, ಇದು ಕನ್ನೆನೆಲ ಅಲ್ಲ ಅನ್ಸತ್ತೆ. ಕಣ ಎಲ್ಲಾ ಒಂದೇ ಸಮ ಇದೆ, ಒಂದು ಹರಳೂ ಇಲ್ಲ. ನೀರು ತಂದಿಟ್ಟಿದ್ದು. ಇನ್ನೊಂದು ಗೇಣು ಇಳಿಯೋಣ್ವಾ?” ಅಂದಳು. ಮೇಲಿನವರಲ್ಲಿ ಯಾರೋ, ಮೇಡಂಗೆ ಹಸಿವಾಗಿದೆ ಎಂದರು. ಅಲ್ಲಿಗೆ ಬಿಡಬಹುದಾಗಿತ್ತು. ಅವನು ಬಿಡಲಿಲ್ಲ. “ತಿಂಡಿ ಆಗಿಲ್ವೇನಮ್ಮಾ? ಇದಕ್ಕೆ ಉಪ್ಪು ಕಮ್ಮಿ, ನೋಡ್ಕೊಂಡು ತಿನ್ನು” ಅಂದ. ಎಲ್ಲರೂ ನಕ್ಕರು. ಮೇಸ್ತ್ರಿಯೂ ನಕ್ಕ. ಅವನ ಹಾಸ್ಯಕ್ಕೆ ಯಾರೂ ನಗುವ ರೂಢಿ ಇರಲಿಲ್ಲ. ಮನೆಯಲ್ಲಿ ಹೆಂಡತಿ, ನೀವು ಜೋಕು ಹೇಳೋಕೆ ಮುಂಚೆ ಒಂದು ಸೂಚನೆ ಕೊಡಿ, ನಗೋಕೆ ತಯಾರಾಗಬೇಕು, ಅನ್ನುತ್ತಿದ್ದಳು. ಅಂಥವನ ಒಂದು ಮಾತಿಗೆ ಆರು ಜನ ಒಟ್ಟಿಗೆ ನಕ್ಕಿದ್ದರು. ಇವತ್ತಿಗೂ ಅವನು ಒಪ್ಪಿಕೊಳ್ಳಲು ನಾಚುವ ಸಂಗತಿಯೆಂದರೆ ಆ ಕ್ಷಣ ಅವನಿಗೆ ತುಂಬ ಸಂತೋಷವಾಗಿತ್ತು. ಹುಡುಗಿ ಬಾಯಲ್ಲಿದ್ದ ಮಣ್ಣನ್ನು ಉಗುಳಲೂ ಆಗದೆ, ಕರವಸ್ತ್ರ ಹುಡುಕಿ ಸಿಗದೆ, ನುಂಗಿಬಿಟ್ಟಿದ್ದಳು. ಅದನ್ನು ಅವನು ನೋಡಿದ್ದ.

“ಆ ಹುಡುಗಿ ಹೇಳಿದ್ದು ಇದನ್ನೇ ಅಲ್ವಾ ಸರ್?” ಎಂದ ಮೇಸ್ತ್ರಿ, ಹಾರೆಯ ಮೂತಿಯನ್ನು ಗೋಣಿಚೀಲಕ್ಕೆ ಒರೆಸುತ್ತ.

“ಯಾವ ಹುಡುಗಿ?”

ಮೇಸ್ತ್ರಿ ಹಾರೆಯನ್ನು ಗುಂಡಿಯ ಗೋಡೆಗೆ ಒರಗಿಸಿಟ್ಟ. ಇಪ್ಪತ್ತು ವರ್ಷ ಜೊತೆಗೆ ಮಣ್ಣು ತೋಡಿದವನಿಗೆ ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆ, ಯಾವುದಕ್ಕೆ ಬೇಕಾಗಿಲ್ಲ ಎಂಬುದು ತಿಳಿದಿತ್ತು. ಅಷ್ಟರಲ್ಲಿ ಅಂಚಿನ ಮೇಲೆ ಬಿಳಿ ಹೆಲ್ಮೆಟ್ಟಿನ ಎಂಜಿನಿಯರು ಬಂದು ನಿಂತ. ಆಸ್ಪತ್ರೆಯವರ ವಾಹನ ನಿಲ್ಲಿಸುವ ಕಟ್ಟಡ ಅವನ ಉಸ್ತುವಾರಿಯಲ್ಲಿ ಏಳಬೇಕಾಗಿತ್ತು. ವಿನಯವಂತ ಹುಡುಗ, ಅವಸರವನ್ನೂ ವಿನಯದಿಂದಲೇ ಪಡುತ್ತಿದ್ದ. ನಾಳೆ ಬೆಳಿಗ್ಗೆ ಆರಕ್ಕೆ ಕಾಂಕ್ರೀಟು ಗಾಡಿ ಬರುತ್ತದೆ, ವರದಿ ಇವತ್ತು ನಾಲ್ಕರೊಳಗೆ ಆನ್‌ಲೈನಿನಲ್ಲಿ ಹೋದರೆ ಸಾಕು, ತೊಂದರೆ ಕೊಡುತ್ತಿದ್ದೇನೆ ಎಂದು ತಿಳಿಯಬೇಡಿ ಎಂದ. ಅವನು, ಊಟ ಮುಗಿಸಿ ಬರುತ್ತೇನೆ, ಅಲ್ಲಿಯವರೆಗೆ ಯಾರೂ ಗುಂಡಿಗೆ ಇಳಿಯುವುದು ಬೇಡ ಎಂದ. ದನಿಯಲ್ಲಿ ಒಂದು ಗಾಂಭೀರ್ಯವಿತ್ತು. ಆ ಗಾಂಭೀರ್ಯ ಅವನಿಗೇ ಅನುಮಾನ ಹುಟ್ಟಿಸಿತು.

ಮೇಸ್ತ್ರಿ ನೀರು ಕುಡಿಯಲು ಹೋದ ಮೇಲೆ ಅವನು ಗೋಡೆಯ ಕಡೆ ಮುಖ ಮಾಡಿ ನಿಂತು, ಮೂತ್ರ ಮಾಡುವವನ ಹಾಗೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ಹಳದಿ ಮಣ್ಣನ್ನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡ. ಕಿರ್ ಎಂದಿತು. ತಲೆಬುರುಡೆಯೆಲ್ಲ ಕೇಳಿಸುವಷ್ಟು ಸ್ಪಷ್ಟವಾಗಿ. ಎಂಟು ವರ್ಷದ ಹಿಂದೆ ಇಷ್ಟು ಮಾಡಿದ್ದರೆ ಮುಗಿಯುತ್ತಿತ್ತು. ಮಾಡಲಿಲ್ಲ, ಯಾಕೆಂದರೆ ಅವಳು ಮಾಡಿದ್ದಳು.

ನಕ್ಕದ್ದು ಅಲ್ಲಿಗೇ ಮುಗಿದಿದ್ದರೆ ಅದೊಂದು ಕೆಟ್ಟ ಮಧ್ಯಾಹ್ನವಾಗಿ ಉಳಿಯುತ್ತಿತ್ತು. ಎರಡು ತಿಂಗಳ ಮೇಲೆ ಅವಳು ವಸ್ತುಸಂಗ್ರಹಾಲಯದ ಸಹಾಯಕಿಯ ಹುದ್ದೆಗೆ ಅರ್ಜಿ ಹಾಕುತ್ತ ಅವನ ಬಳಿ ಶಿಫಾರಸು ಪತ್ರ ಕೇಳಿದಳು. ಅವನು ಬರೆದುಕೊಟ್ಟ. ಶ್ರಮಜೀವಿ, ಸಮಯಪಾಲನೆ ಉಳ್ಳವಳು, ಆದರೆ ಮಣ್ಣಿನ ಪದರಗಳನ್ನು ಓದುವುದರಲ್ಲಿ ಇನ್ನೂ ಪಳಗಬೇಕಾಗಿದೆ. ‘ಪಳಗಬೇಕಾಗಿದೆ’ ಎಂಬ ಶಬ್ದಕ್ಕೆ ಅವನು ಅರ್ಧ ಗಂಟೆ ತೆಗೆದುಕೊಂಡಿದ್ದ. ‘ಕಲಿಯಬೇಕಾಗಿದೆ’ ಎಂದರೆ ಸುಳ್ಳಾಗುತ್ತಿತ್ತು, ‘ಎಚ್ಚರ ಸಾಲದು’ ಎಂದರೆ ಒರಟಾಗುತ್ತಿತ್ತು. ಪಳಗುವುದು ಒಳ್ಳೆಯ ಮಾತು; ಎಲ್ಲರೂ ಪಳಗಬೇಕಾದವರೇ; ಆಕ್ಷೇಪಿಸಲು ಬರುವುದಿಲ್ಲ; ಆದರೆ ಕೆಲಸ ಕೆಡಿಸಲು ಅಷ್ಟು ಸಾಕು. ತನ್ನ ಇಡೀ ವೃತ್ತಿಯಲ್ಲಿ ಅಷ್ಟು ನಿಖರವಾಗಿ ತೂಗಿ ಬರೆದ ವಾಕ್ಯ ಇನ್ನೊಂದಿಲ್ಲ ಎಂದು ಅವನಿಗೆ ಆಗಾಗ ಅನ್ನಿಸುತ್ತಿತ್ತು. ಅವಳಿಗೆ ಕೆಲಸ ಸಿಗಲಿಲ್ಲ ಎಂದು ಯಾರೋ ಹೇಳಿದರು. ಅವನು ಛೆ ಎಂದ.

ಅವಳ ನಂಬರು ಸಿಗುವುದು ಕಷ್ಟವಿರಲಿಲ್ಲ. ಅವನ ಸಹಪಾಠಿಯೊಬ್ಬ ನೆಲದ ಟೈಲ್ಸ್ ಅಂಗಡಿ ಇಟ್ಟಿದ್ದ. ವಿಭಾಗದಿಂದ ಹೊರಬಿದ್ದ ಹಳಬರು ಹೊಸಬರು ಎಲ್ಲರ ಫೋನ್ ನಂಬರು, ಜಾತಕ, ಎಲ್ಲ ಅವನಲ್ಲಿತ್ತು. ಮಾನವಶಾಸ್ತ್ರ ಪ್ರಾಕ್ತನಶಾಸ್ತ್ರ ಎರಡಕ್ಕೂ ಸೇರಿ ಒಂದೇ ವಿಭಾಗ, ಮುಳುಗುವುದಾದರೆ ಒಂದೇ ದೋಣಿಯಲ್ಲಿ ಮುಳುಗಲಿ ಎಂದು. ಈಗ ಹೊಸ ಹುಡುಗರನ್ನು ಸೆಳೆಯಲು ವಿಭಾಗದವರು ‘ನಮ್ಮ ಪದವೀಧರರು ಎಲ್ಲಿದ್ದಾರೆ’ ಎಂಬ ಪುಸ್ತಿಕೆ ತರುತ್ತಿದ್ದರು. ಪಟ್ಟಿ ಮಾಡುವ ಹೊಣೆ ಟೈಲ್ಸಿನವನ ಮೇಲೆ ಬಿದ್ದಿತ್ತು. ಫೋನು ಎತ್ತಿದವನೇ ಪಟ್ಟಿ ಓದಲು ಶುರು ಮಾಡಿದ. ಒಬ್ಬ ಬಟ್ಟೆ ಒಗೆಯುವ ಯಂತ್ರದ ಕಂಪನಿಯಲ್ಲಿದ್ದಾನೆ, ಜನರ ಮನೆಗೆ ಹೋಗಿ ಅವರು ಕಾಲರು ಹೇಗೆ ಉಜ್ಜುತ್ತಾರೆ ಎಂದು ಕೂತು ನೋಡುತ್ತಾನೆ, ನಮ್ಮೆಲ್ಲರಿಗಿಂತ ದೊಡ್ಡ ಸಂಬಳ. ಒಬ್ಬಳು ಪೊಲೀಸರಿಗೆ ಎಲುಬು ಗುರುತಿಸಿಕೊಡುತ್ತಾಳೆ. ಒಬ್ಬ ಬ್ಯಾಂಕು. ಇನ್ನೊಬ್ಬನೂ ಬ್ಯಾಂಕು. ಬುಡಕಟ್ಟುಗಳ ಬಂಧುತ್ವದ ಮೇಲೆ ಪಿಎಚ್.ಡಿ. ಮಾಡಿದವನು ವಧೂವರರ ಕೇಂದ್ರ ನಡೆಸುತ್ತಿದ್ದಾನೆ, ಓದಿದ್ದನ್ನು ನೇರವಾಗಿ ಬಳಸುತ್ತಿರುವವನು ಅವನೊಬ್ಬನೇ. “ನಿಂದೇನಂತ ಹಾಕ್ಲಯ್ಯಾ? ಭೂಗರ್ಭ ಸಲಹೆಗಾರ ಅಂತ ಹಾಕ್ತೀನಿ, ಕೇಳೋಕೆ ಗಟ್ಟಿಯಾಗಿರತ್ತೆ” ಎಂದ. ಅವನು ಹುಡುಗಿಯ ವಿಷಯ ಕೇಳಿದ. ಓ ಅವಳಾ, ಎಂದ ಟೈಲ್ಸಿನವನು; ವಿಮೆ ಕಂಪನಿಯಲ್ಲಿದ್ದಾಳೆ, ಪ್ರವಾಹ ಬಂದ ಮನೆ ಅಂಗಡಿಗಳಿಗೆ ಹೋಗಿ ನೀರು ಎಲ್ಲಿಯವರೆಗೆ ನಿಂತಿತ್ತು ಎಂದು ಕೆಸರಿನ ಗುರುತು ನೋಡಿ ಹೇಳುವುದು ಅವಳ ಕೆಲಸ, ಗೋಡೆ ನೋಡಿದರೆ ಸಾಕು, ದಿನ ಗಂಟೆ ಹೇಳುತ್ತಾಳಂತೆ, ಈಗಲೂ ಹೋದ ವಾರ ಮುಳುಗಿದ ಹೊಳೆಬದಿಯ ಬೀದಿಯಲ್ಲೇ ಇರಬೇಕು. ಮೆಕ್ಕಲು ಓದಲು ಪಳಗಬೇಕು ಎಂದು ಅವನು ಬರೆದುಕೊಟ್ಟವಳು ಮೆಕ್ಕಲು ಓದಿಯೇ ಹೊಟ್ಟೆ ಹೊರೆಯುತ್ತಿದ್ದಳು.

ಬಸ್ಸು ಇಳಿದ ಕಡೆ ಹಣ್ಣಿನ ಗಾಡಿ ಕಂಡು ಅರ್ಧ ಕಿಲೋ ದ್ರಾಕ್ಷಿ ಕೊಂಡ. ಯಾಕೆ ಕೊಂಡೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಬರಿಗೈಲಿ ಹೋಗಬಾರದು ಎಂಬುದು ರಕ್ತದಲ್ಲಿತ್ತು, ಯಾವ ಸಂದರ್ಭಕ್ಕೆ ಏನು ಕೊಂಡೊಯ್ಯಬೇಕು ಎಂಬುದು ಇರಲಿಲ್ಲ. ಹಾದಿಯುದ್ದಕ್ಕೂ ಮಾತು ಹೊಂದಿಸಿಕೊಂಡ. ಮೊದಲು ಕ್ಷೇಮಸಮಾಚಾರ, ಆಮೇಲೆ ಗುಂಡಿಯ ವಿಷಯ ಲಘುವಾಗಿ, ಆಮೇಲೆ ‘ನೀನು ಹೇಳಿದ್ದು ಸರಿಯಾಗಿತ್ತಮ್ಮ’ ಎಂಬ ಮಾತು, ಸ್ವಲ್ಪ ಗದ್ಗದವಾಗಿ ಬಂದರೂ ತೊಂದರೆಯಿಲ್ಲ. ಅವಳು, ಅಯ್ಯೋ ಬಿಡಿ ಸರ್, ಅದೆಲ್ಲ ಯಾವತ್ತೋ ಮರೆತೆ, ಅನ್ನುತ್ತಾಳೆ. ಅಂದ ಕೂಡಲೇ ಅವನ ಎದೆ ಹಗುರಾಗುತ್ತದೆ. ಹಗುರಾದ ಮೇಲೆ ವರದಿ ಬರೆಯುವುದು ಸುಲಭ, ಅಥವಾ, ಇಷ್ಟು ದೂರ ಯೋಚಿಸಿದ್ದಕ್ಕೆ ಅವನಿಗೇ ನಾಚಿಕೆಯಾದರೂ, ಹಗುರಾದ ಮೇಲೆ ಬರೆಯದಿದ್ದರೂ ನಡೆಯುತ್ತದೆ. ಹಳೆಯ ವರದಿ ತಪ್ಪೆಂದು ತಾನೇ ಬರೆದುಕೊಟ್ಟರೆ ಇಲಾಖೆ ಕೊಟ್ಟ ಮಾನ್ಯತೆ ಹೋಗಬಹುದು. ಐವತ್ತರ ಗಡಿಯಲ್ಲಿರುವ, ಸಾಕು ಎಂಬ ಒಂದೇ ಮಾತು ಬರುವ ಮನುಷ್ಯನನ್ನು ಆಮೇಲೆ ಯಾರು ಕೆಲಸಕ್ಕೆ ಕರೆಯುತ್ತಾರೆ? ಟೈಲ್ಸಿನವನು ಕರೆದಾನು. ಗಲ್ಲಾದ ಹಿಂದೆ ಕೂತು ಗಿರಾಕಿಗಳು ಇನ್ನೂ ತೋರಿಸಿ ಎಂದಾಗ ಸಾಕು ಅನ್ನಬಹುದು.

ಬೀದಿಯಲ್ಲಿ ಕೆಸರು ಒಣಗಿ ಬಿರುಕುಬಿಟ್ಟಿತ್ತು. ಸ್ಟೇಷನರಿ ಅಂಗಡಿಯೊಂದರ ಬಾಗಿಲಲ್ಲಿ ಅವಳು ನಿಂತಿದ್ದಳು, ಮೊಣಕಾಲಿನವರೆಗಿನ ರಬ್ಬರು ಬೂಟು, ಕೈಯಲ್ಲಿ ರಟ್ಟಿಗೆ ಕ್ಲಿಪ್ಪು ಹಾಕಿದ ಹಾಳೆಗಳು. ಗುರುತು ಹತ್ತುವುದಕ್ಕೆ ಅರೆಕ್ಷಣ ತೆಗೆದುಕೊಂಡು, ಅವಳ ದೃಷ್ಟಿ ಅವನ ಮುಖದಿಂದ ದ್ರಾಕ್ಷಿಯ ಚೀಲಕ್ಕೆ ಇಳಿಯಿತು.

“ಯಾರಿಗೆ ಹುಷಾರಿಲ್ಲ ಸರ್?”

ಯಾರಿಗೂ ಏನೂ ಆಗಿಲ್ಲ, ಹೀಗೇ ಬಂದೆ ಎಂದ. ಐದು ನಿಮಿಷ ಕೊಡಿ ಎಂದು ಅವಳು ಒಳಗೆ ಹೋದಳು. ಅವನು ಚೀಲ ಹಿಡಿದುಕೊಂಡು ಹೊಸ್ತಿಲಲ್ಲಿ ನಿಂತ. ಅಂಗಡಿಯವನು ಮೂರನೇ ಹಲಗೆಯವರೆಗೂ ನೀರು ಬಂತು ಎಂದು ಕೈ ಎತ್ತಿ ತೋರಿಸುತ್ತಿದ್ದ. ಮೂರನೇ ಹಲಗೆಯ ನೋಟುಬುಕ್ಕುಗಳೂ ನೆನೆದು ಉಬ್ಬಿಕೊಂಡಿದ್ದವು. ಅವಳು ಒಂದು ಪುಸ್ತಕ ತೆಗೆದು ನಡುವಿನ ಹಾಳೆಗಳನ್ನು ಬಿಡಿಸಿ ಬೆರಳಿನಿಂದ ಸವರಿದಳು. ಎರಡನೇ ಹಲಗೆಯದೊಂದನ್ನು ತೆಗೆದು ಇನ್ನೊಂದು ಬೆರಳಿನಿಂದ ಅದೇ ರೀತಿ ಸವರಿದಳು. ಅದರಿಂದ ಬೆರಳಿಗೆ ಹಳದಿ ಹುಡಿ ಹತ್ತಿತು. ಮೊದಲಿನದರಲ್ಲಿ ಏನೂ ಹತ್ತಿರಲಿಲ್ಲ. ಎರಡೂ ಬೆರಳುಗಳನ್ನು ಅಂಗಡಿಯವನಿಗೆ ತೋರಿಸಲಿಲ್ಲ, ತಾನೊಬ್ಬಳೇ ನೋಡಿಕೊಂಡಳು. ಮೂರನೇ ಹಲಗೆಯದು ಹೊಳೆಯದಲ್ಲ, ಪರಿಹಾರ ಹೆಚ್ಚು ಸಿಗಲೆಂದು ಎರಚಿದ ನಲ್ಲಿಯ ನೀರು ಎಂದು ಹೊಸ್ತಿಲಲ್ಲಿದ್ದ ಅವನಿಗೂ ಗೊತ್ತಾಯಿತು. ಈಗ ಬೈಯುತ್ತಾಳೆ ಎಂದುಕೊಂಡ. ಅವನಾಗಿದ್ದರೆ ಒಂದು ಜೋಕು ಹೇಳುತ್ತಿದ್ದ.

“ಅಣ್ಣಾ, ನಾನಿನ್ನೂ ಬರ್ಕೊಂಡಿಲ್ಲ” ಅಂದಳು. “ಎಷ್ಟನೇ ಹಲಗೆವರೆಗೆ ಅಂತ ಇನ್ನೊಂದ್ಸಲ ಹೇಳ್ಬಿಡಿ.”

ಅಂಗಡಿಯವನು ಮೂರನೇ ಹಲಗೆಯನ್ನೂ ಅವಳ ಬೂಟುಗಳನ್ನೂ ನೋಡಿದ. ಎರಡು ಎಂದ. ಅವಳು ಎರಡು ಎಂದು ಬರೆದುಕೊಂಡು ಅವನ ಸಹಿ ತೆಗೆದುಕೊಂಡಳು.

ಹೊರಗೆ ಬಂದವಳು ಪಕ್ಕದ ಕಟ್ಟೆಯ ಮೇಲೆ ಕೂತು ಬೂಟಿನ ಕೆಸರು ಕೆರೆದುಕೊಳ್ಳತೊಡಗಿದಳು. ಅವನು ನಿಂತೇ ಹೇಳಿದ. ಹೊಂದಿಸಿಕೊಂಡಿದ್ದ ಕ್ರಮ ಮೊದಲ ವಾಕ್ಯಕ್ಕೇ ಕೆಟ್ಟು, ಬೂದಿ ಮೊದಲು ಬಂತು, ಹಾರೆ ಆಮೇಲೆ ಬಂತು, ಕ್ಷೇಮಸಮಾಚಾರ ಕೊನೆಗೆ ಬಂತು. ಪತ್ರದ ವಿಷಯಕ್ಕೆ ಬಂದಾಗ ಅವಳಿಗೆ ಅದು ಗೊತ್ತಿರಲಿಕ್ಕಿಲ್ಲ ಎಂದು ತಡವರಿಸಿದ.

“ಓದಿದ್ದೆ ಸರ್. ಲಕೋಟೆ ಅಂಟಿಸಿರ್ಲಿಲ್ಲ ನೀವು.” ಅವಳು ತಲೆಯೆತ್ತಲಿಲ್ಲ. “ಕೊಡ್ಲೋ ಬೇಡ್ವೋ ಅಂತ ಎರಡು ದಿನ ಇಟ್ಕೊಂಡಿದ್ದೆ. ಮಣ್ಣಿನ ಕೆಲಸ ಕಲಿಸಿದ್ದು ನೀವೊಬ್ರೇ, ಬೇರೆ ಯಾರ ಹತ್ರ ಕೇಳ್ಲಿ? ಕೊಟ್ಟೆ.”

ಅವನು, ತನ್ನಿಂದ ದೊಡ್ಡ ತಪ್ಪಾಯಿತು, ಎಂಟು ವರ್ಷದಿಂದ ಮನಸ್ಸಿಗೆ ಸಮಾಧಾನವಿಲ್ಲ, ಎಂದ. ಅದು ಪೂರ್ತಿ ನಿಜವಲ್ಲ ಎಂದು ಹೇಳುತ್ತಿರುವಾಗಲೇ ಹೊಳೆಯಿತು. ಎಂಟು ವರ್ಷದಲ್ಲಿ ಎಷ್ಟೋ ತಿಂಗಳು ಅವನು ಚೆನ್ನಾಗಿಯೇ ಉಂಡು ಮಲಗಿದ್ದ.

ಅವಳು ಬೂಟು ಕೆರೆಯುವುದನ್ನು ನಿಲ್ಲಿಸಿದಳು. “ಇವತ್ತಿನ ವರದಿ ಬರೆದ್ರಾ?”

“ಇನ್ನೂ ಇಲ್ಲ.”

“ಬರೆಯೋಕೆ ಮುಂಚೆ ಇಲ್ಲಿಗೆ ಬಂದ್ರಿ.”

ಪ್ರಶ್ನೆಯ ಹಾಗೆ ಹೇಳಿರಲಿಲ್ಲ. ಚೀಲದೊಳಗೆ ದ್ರಾಕ್ಷಿ ಬಿಸಿಲಿಗೆ ಬೆವರುತ್ತಿತ್ತು.

“ಸರ್, ಅವತ್ತು ನೀವಂದಿದ್ದು ಎಲ್ಲರ ಮುಂದೆ. ಇವತ್ತು ಹೇಳ್ತಿರೋದು ನನ್ನೊಬ್ಬಳ ಹತ್ರ, ಬೀದಿ ಬದಿ ಕಟ್ಟೇಲಿ.” ದನಿಯಲ್ಲಿ ಸಿಟ್ಟಿರಲಿಲ್ಲ; ಅಳತೆ ಹೇಳುವವರ ದನಿ ಅದು. “ನಾನು ಪರ್ವಾಗಿಲ್ಲ ಅಂದ್ಬಿಟ್ರೆ ನಿಮಗೆ ಅನುಕೂಲ ಆಗತ್ತೆ. ಅದಕ್ಕೇ ಅನ್ನಲ್ಲ. ತಪ್ಪು ತಿಳೀಬೇಡಿ.” ಹಾಳೆಗಳನ್ನು ಎತ್ತಿಕೊಂಡು, ಇನ್ನೂ ಹನ್ನೊಂದು ಅಂಗಡಿ ಬಾಕಿ ಇವೆ ಎಂದಳು. ಹೋಗುವ ಮುಂಚೆ ಅವನ ಕೈಯಿಂದ ಚೀಲ ತೆಗೆದುಕೊಂಡಳು. ಅವನ ಮುಖ ಅರಳುವುದರೊಳಗೆ ಅದನ್ನು ಸ್ಟೇಷನರಿ ಅಂಗಡಿಯವನ ಗಲ್ಲಾದ ಮೇಲಿಟ್ಟು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಅನ್ಸತ್ತೆ ನೀವು, ತಗೊಳ್ಳಿ, ಎಂದು ಮುಂದಿನ ಬಾಗಿಲಿಗೆ ನಡೆದಳು.

ಮರಳುವ ಬಸ್ಸಿನಲ್ಲಿ ಅವನಿಗೆ ಸಿಟ್ಟು ಬಂತು. ಇಷ್ಟು ದೂರ ಬಂದವನನ್ನು ಕೂತುಕೊಳ್ಳಿ ಎಂದೂ ಅನ್ನಲಿಲ್ಲ ಎಂದು ಶುರುವಾದ ಸಿಟ್ಟು ನಾಲ್ಕು ನಿಲ್ದಾಣ ದಾಟುವಷ್ಟರಲ್ಲಿ ತಳ ಒಡೆದ ಕೊಡದ ಹಾಗೆ ಖಾಲಿಯಾಯಿತು. ಕಿಟಕಿಯ ಗಾಜಿನಲ್ಲಿ ಕಾಣುತ್ತಿದ್ದ ಮುಖ ಅಂಗಡಿಯವನದೇ. ಬಕೆಟ್ಟಿನಿಂದ ನಲ್ಲಿ ನೀರು ತಂದು ಮೂರನೇ ಹಲಗೆಗೆ ಎರಚಿಕೊಂಡು, ನೋಡಿ ಎಷ್ಟು ನೆನೆದಿದ್ದೇನೆ ಎಂದು ತೋರಿಸಲು ಹೋಗಿದ್ದ ಮುಖ.

ಗುಂಡಿಯ ಬಳಿ ಬಂದಾಗ ಮೂರೂವರೆ. ಎಂಜಿನಿಯರು ಗಡಿಯಾರ ನೋಡಿಕೊಳ್ಳದಿರಲು ಶ್ರಮಪಡುತ್ತಿದ್ದ. ಅವನು ಕೆಳಗಿಳಿದು, ನೆರಳಿದ್ದ ಕಡೆ ಬಕೆಟ್ಟು ಮಗುಚಿ ಅದರ ಮೇಲೆ ಕೂತು, ಫೋನಿನಲ್ಲಿ ಇಲಾಖೆಯ ನಮೂನೆ ತೆರೆದ. ಕನ್ನೆನೆಲ ತಲುಪಿದೆಯೇ? ಹೌದು, ಇಲ್ಲ. ಇಷ್ಟು ವರ್ಷಗಳಲ್ಲಿ ಅವನ ಹೆಬ್ಬೆರಳು ‘ಹೌದು’ ಇರುವ ಜಾಗಕ್ಕೆ ಕಣ್ಣುಮುಚ್ಚಿಕೊಂಡು ಹೋಗುತ್ತಿತ್ತು. ಅದನ್ನು ಹಿಡಿದು ಪಕ್ಕಕ್ಕೆ ಸರಿಸಬೇಕಾಯಿತು. ‘ಇಲ್ಲ’ ಒತ್ತಿದ. ಕಾರಣ: ಮೆಕ್ಕಲಿನ ಕೆಳಗೆ ಜನವಸತಿಯ ಪದರ, ಬೂದಿ, ಮಡಕೆಯ ಚೂರು. ಇಷ್ಟಕ್ಕೇ ಕಳಿಸಿಬಿಡಬಹುದಾಗಿತ್ತು. ಇವತ್ತಿನ ಗುಂಡಿಯ ಮಟ್ಟಿಗೆ ಅಷ್ಟೂ ನಿಜ. ಪಕ್ಕದ ಗುಂಡಿಯನ್ನು ಯಾರೂ ಕೇಳಿರಲಿಲ್ಲ, ಅದರ ಮೇಲೆ ನಾಲ್ಕು ಅಂತಸ್ತಿತ್ತು. ಕೆಳಗೆ ಕೊನೆಯ ಚೌಕದಲ್ಲಿ ‘ಇತರೆ ವಿಷಯ (ಐಚ್ಛಿಕ), 150 ಅಕ್ಷರ ಮೀರದಂತೆ’ ಎಂದಿತ್ತು. ಐಚ್ಛಿಕ ಎಂಬ ಶಬ್ದವನ್ನು ಅವನು ಹಾಗೆ ದಿಟ್ಟಿಸಿ ನೋಡಿದ್ದು ಇದೇ ಮೊದಲು.

ಬರೆಯತೊಡಗಿದ. ‘ದುರದೃಷ್ಟವಶಾತ್, ಎಂಟು ವರ್ಷಗಳ ಹಿಂದಿನ ಸನ್ನಿವೇಶದ ಒತ್ತಡಗಳಲ್ಲಿ, ಅಂದಿಗೆ ಲಭ್ಯವಿದ್ದ ಪುರಾವೆಗಳ ಆಧಾರದ ಮೇಲೆ, ಪ್ರಾಮಾಣಿಕ ಅಭಿಪ್ರಾಯಭೇದವೊಂದು ತಲೆದೋರಿತ್ತು ಎಂಬುದನ್ನು ಗಮನಿಸಿ’ ಎಂಬಲ್ಲಿಗೆ ಚೌಕ ಕೆಂಪಾಗಿ ನಿಂತಿತು. ಇನ್ನೊಂದು ಅಕ್ಷರವೂ ಮೂಡಲಿಲ್ಲ. ಆ ಯಂತ್ರ ಒತ್ತಕ್ಷರವನ್ನು ಬೇರೆ, ಕೊಂಬನ್ನು ಬೇರೆ, ದೀರ್ಘವನ್ನು ಬೇರೆ ಎಣಿಸುತ್ತಿತ್ತು. ದುರದೃಷ್ಟವೊಂದೇ ಹತ್ತಕ್ಕಿಂತ ಹೆಚ್ಚು ತಿಂದಿತ್ತು. ಅವನು ದುರದೃಷ್ಟವನ್ನು ತೆಗೆದ. ಜಾಗ ಸಾಲಲಿಲ್ಲ. ಸನ್ನಿವೇಶವನ್ನು ತೆಗೆದ, ಒತ್ತಡಗಳನ್ನು ತೆಗೆದ. ಪ್ರಾಮಾಣಿಕವನ್ನು ತೆಗೆಯುವಾಗ ಮೇಸ್ತ್ರಿ ಹತ್ತಿರ ಬಂದು ನಿಂತಿದ್ದು ಗೊತ್ತಾಯಿತು, ಆದರೂ ತೆಗೆದ. ಅಭಿಪ್ರಾಯಭೇದ ಎಂಬುದು ನೋಡಲು ಎಷ್ಟು ಗಟ್ಟಿಯಾಗಿತ್ತೋ ಅಷ್ಟು ಟೊಳ್ಳಾಗಿತ್ತು, ಒಂದೇ ಬೆರಳಿಗೆ ಹೋಯಿತು. ‘ವಿಷಾದಿಸುತ್ತೇನೆ’ಯನ್ನು ಒಮ್ಮೆ ಸೇರಿಸಿ, ಓದಿ, ಬೀದಿ ಬದಿಯ ಕಟ್ಟೆ ನೆನಪಾಗಿ, ಅಳಿಸಿದ. ಇಷ್ಟೆಲ್ಲ ಹೆರೆದ ಮೇಲೆ ಉಳಿದದ್ದು ಇದು: ‘ಪಕ್ಕದ ನಿವೇಶನದಲ್ಲಿ ನಾನು ಕನ್ನೆನೆಲ ಎಂದದ್ದು ಮೆಕ್ಕಲು. ಆ ವರದಿ ತಪ್ಪು. ಇದನ್ನು ಅಂದೇ ಹೇಳಿದವರು ನನ್ನ ಜೊತೆಗಿದ್ದ ವಿದ್ಯಾರ್ಥಿನಿ. ನಾನು ಕೇಳಲಿಲ್ಲ.’ ಇನ್ನೂ ಇಪ್ಪತ್ತಮೂರು ಅಕ್ಷರಗಳಿಗೆ ಜಾಗವಿದೆ ಎಂದು ಯಂತ್ರ ತೋರಿಸಿತು. ಏನಾದರೂ ಒಂದು ಸಣ್ಣ ಸಬೂಬು ಅದರಲ್ಲಿ ಹಿಡಿಸೀತೇ ಎಂದು ಅವನ ತಲೆ ತಾನಾಗಿಯೇ ಹುಡುಕಿತು, ಅಭ್ಯಾಸಬಲ. ಆಮೇಲೆ ವಿದ್ಯಾರ್ಥಿನಿ ಎಂಬುದರ ಮುಂದೆ ಬೆರಳಿಟ್ಟು ಅವಳ ಹೆಸರು ಬರೆದ. ಅದರಲ್ಲಿ ಒಂದು ಒತ್ತಕ್ಷರವೂ ಇರಲಿಲ್ಲ, ಇನಿಷಿಯಲ್ ಸೇರಿಸಿದರೂ ಜಾಗ ಮಿಕ್ಕಿತು.

ಕಳಿಸು ಎಂಬುದನ್ನು ಒತ್ತಿದ. ಪರದೆಯ ಮೇಲೆ ಒಂದು ಬಳೆ ಸುತ್ತತೊಡಗಿತು. ಸುತ್ತುತ್ತಲೇ ಇತ್ತು.

“ಇಲ್ಲಿ ಸಿಗ್ನಲ್ ಬರಲ್ಲ ಸರ್” ಎಂದ ಮೇಸ್ತ್ರಿ. “ಮೇಲೆ ಹೋಗ್ಬೇಕು.”

ಅವನು ಏಣಿಯ ಎರಡು ಮೆಟ್ಟಿಲು ಹತ್ತಿ ಫೋನನ್ನು ಮುಖದ ಮುಂದೆ ಹಿಡಿದ. ಬಳೆ ಸುತ್ತುತ್ತಿತ್ತು. ಇನ್ನೊಂದು ಮೆಟ್ಟಿಲು ಹತ್ತಿದ. ಎಂಜಿನಿಯರು ಅಂಚಿನಿಂದ ಬಗ್ಗಿ, ಏನಾದ್ರೂ ಸಹಾಯ ಬೇಕಾ ಸರ್, ಎಂದು ಕೇಳಿದ. ಆಸ್ಪತ್ರೆಯ ಎರಡನೇ ಅಂತಸ್ತಿನ ಕಿಟಕಿಯಲ್ಲಿ ಒಂದು ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡ ಮುದುಕರೊಬ್ಬರು ಇನ್ನೊಂದು ಕಣ್ಣಿನಿಂದ ಇವನನ್ನೇ ನೋಡುತ್ತಿದ್ದರು. ಅವನು ಒಂದು ಕೈಯಲ್ಲಿ ಏಣಿ ಹಿಡಿದುಕೊಂಡು, ತರಗತಿಯಲ್ಲಿ ಹೊರಗೆ ಹೋಗಲು ಅಪ್ಪಣೆ ಕೇಳುವ ಹುಡುಗನ ಹಾಗೆ ಇನ್ನೊಂದು ಕೈಯನ್ನು ಫೋನಿನ ಸಮೇತ ತಲೆಯ ಮೇಲಕ್ಕೆ ಎತ್ತಿದ. ಅರ್ಧ ಮೈ ಗುಂಡಿಯೊಳಗೆ, ಅರ್ಧ ಹೊರಗೆ. ತೋಳು ನೋಯತೊಡಗಿತು, ಇಳಿಸಲಿಲ್ಲ.

“ಹೋಯ್ತಾ ಸರ್?” ಕೆಳಗಿನಿಂದ ಮೇಸ್ತ್ರಿ ಕೇಳಿದ.

ಕೈಯಲ್ಲಿ ಫೋನು ಒಮ್ಮೆ ನಡುಗಿತು.

“ಹೋಯ್ತು” ಎಂದ.